ಮನೆಯಲ್ಲಿ ಬಿಯರ್ ಮಾಡುವವರಿಗೆ: ಪಾತ್ರೆ ತೊಳೆಯಲು ಯಾವ ಪುಡಿ, ಎಷ್ಟು, ಹೇಗೆ?

‘ಪಾತ್ರೆ ತೊಳೆಯೋ ಸೋಪೇ ಸಾಕಾ?’ ‘ಬ್ಲೀಚ್ ಹಾಕಬಹುದಾ?’ ‘ಸ್ಟಾರ್ ಸ್ಯಾನ್ ಸ್ಯಾನಿಟೈಸರ್ ತಂದಿದ್ದೀನಿ, ಇನ್ನು ಬೇರೇನೂ ಬೇಡ ಅಲ್ವಾ?’ ಮನೆಯಲ್ಲಿ ಬಿಯರ್ ಮಾಡಲು ಶುರು ಮಾಡಿದ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು ಇವು. ಯಾವ ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂವು) ಹಾಕಬೇಕು, ಯಾವ ಯೀಸ್ಟ್ ಒಳ್ಳೆಯದು ಅನ್ನುವುದಕ್ಕಿಂತ ಇವುಗಳಿಗೆ ಸರಿಯಾದ ಉತ್ತರ ಗೊತ್ತಿರುವುದು ಮುಖ್ಯ. ಪಾತ್ರೆ ಕೊಳಕಾಗಿದ್ದರೆ ಎಂಥ ಒಳ್ಳೆಯ ಸಾಮಗ್ರಿ ತಂದರೂ ಬಿಯರ್ ಹುಳಿಯಾಗುತ್ತದೆ.

ಮೊದಲು ಕಾನೂನಿನ ಮಾತು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಮನೆಬಳಕೆಗೆ ಬಿಯರ್ ಮಾಡಲು ಅವಕಾಶ ಸಿಕ್ಕಿತು. ವಯಸ್ಕರು ಒಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಇದ್ದರೆ 200 ಗ್ಯಾಲನ್ ಮಿತಿ. ಮಾರುವ ಹಾಗಿಲ್ಲ. ಬ್ರಿಟನ್‌ನಲ್ಲಿ 1963ರಿಂದಲೇ ಮನೆಯವರು ಇದಕ್ಕೆ ಲೈಸೆನ್ಸ್ ಪಡೆಯಬೇಕಿಲ್ಲ. ಕರ್ನಾಟಕದಲ್ಲಿ ಹಾಗಲ್ಲ. 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹಾಗಾಗಿ ಬಿಯರ್ ಬಗ್ಗೆ ಇಲ್ಲಿ ಬರೆದಿರುವುದೆಲ್ಲ ಅದಕ್ಕೆ ಅವಕಾಶ ಇರುವ ದೇಶಗಳಲ್ಲಿ ನೆಲೆಸಿದ ಕನ್ನಡಿಗರಿಗೆ. ಊರಿನಲ್ಲಿ ಕೊಂಬುಚಾ, ಅಂದರೆ ಹುದುಗಿಸಿದ ಸಿಹಿ ಚಹಾ, ಮಾಡುವವರಿಗೆ ಬೇಕಾದದ್ದು ಕೊನೆಯಲ್ಲಿದೆ.

ತೊಳೆಯುವುದು ಬೇರೆ, ಸ್ಯಾನಿಟೈಸ್ ಮಾಡುವುದು ಬೇರೆ

ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನು ಇಟ್ಟುಕೊಳ್ಳಿ. ತೊಳೆಯುವುದು ಅಂದರೆ ಕಣ್ಣಿಗೆ ಕಾಣುವ ಮತ್ತು ಕಾಣದ ಕೊಳೆ, ಜಿಡ್ಡು, ಕರೆ ಎಲ್ಲವನ್ನೂ ಮೇಲ್ಮೈಯಿಂದ ಬಿಡಿಸಿ ತೆಗೆಯುವುದು. ಸ್ಯಾನಿಟೈಸ್ ಮಾಡುವುದು ಅಂದರೆ ಹಾಗೆ ಶುಚಿಯಾದ ಮೇಲ್ಮೈಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಬಿಯರ್ ಕೆಡಿಸಲಾರದಷ್ಟು ಕಡಿಮೆ ಮಾಡುವುದು. ಕೊಳೆಯ ಮೇಲೆ ಸ್ಯಾನಿಟೈಸರ್ ಸುರಿದರೆ ಪ್ರಯೋಜನ ಇಲ್ಲ. ಒಣಗಿದ ಯೀಸ್ಟ್ ಮತ್ತು ಪ್ರೋಟೀನಿನ ಪದರದ ಅಡಿಯಲ್ಲಿ ಬ್ಯಾಕ್ಟೀರಿಯಾ ಅಡಗಿ ಕೂತಿರುತ್ತವೆ. ದ್ರಾವಣ ಅಲ್ಲಿಗೆ ತಲುಪುವುದೇ ಇಲ್ಲ. ಅಷ್ಟೇ ಅಲ್ಲ, ಆ ಕೊಳೆಯೇ ದ್ರಾವಣದ ಶಕ್ತಿಯನ್ನು ತಿಂದುಬಿಡುತ್ತದೆ.

‘ಸ್ಟಾರ್ ಸ್ಯಾನ್ ಇದೆಯಲ್ಲ, ಸಾಕು’ ಅನ್ನುವವರ ಬಿಯರ್ ಮೂರನೇ ನಾಲ್ಕನೇ ಸಲಕ್ಕೆ ಕೆಡುವುದು ಇದೇ ಕಾರಣಕ್ಕೆ. ಮೊದಲ ಸಲ ಪಾತ್ರೆ ಹೊಸದು, ಏನೂ ಆಗುವುದಿಲ್ಲ. ಆಮೇಲೆ ನಲ್ಲಿಯ ಒಳಗೆ, ಟ್ಯೂಬಿನ ಒಳಗೆ ಪೊರೆ ಕಟ್ಟುತ್ತಾ ಹೋಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಹಣ ಮತ್ತು ಸಮಯದ ಮುಕ್ಕಾಲು ಪಾಲು ತೊಳೆಯುವುದಕ್ಕೆ ಹೋಗಲಿ, ಕಾಲು ಪಾಲು ಸ್ಯಾನಿಟೈಸರ್‌ಗೆ ಸಾಕು.

ಯಾವ ಕೊಳೆಗೆ ಏನು?

ಬಿಯರ್ ಪಾತ್ರೆಯಲ್ಲಿ ಎರಡು ಬಗೆಯ ಕೊಳೆ ಇರುತ್ತದೆ. ಮೊದಲನೆಯದು ಜೈವಿಕ ಕೊಳೆ. ಬಾರ್ಲಿಯಿಂದ ಬಂದ ಸಕ್ಕರೆ ಮತ್ತು ಪ್ರೋಟೀನ್, ಹಾಪ್ಸ್‌ನ ಅಂಟು, ತಳದಲ್ಲಿ ಕೂತ ಯೀಸ್ಟಿನ ಗಷ್ಟು ಎಲ್ಲ ಇದರಲ್ಲಿ ಸೇರಿದೆ. ಬಿಯರ್ ಹುದುಗುವಾಗ ನೊರೆ ಮೇಲೆದ್ದು ಇಳಿದ ಮೇಲೆ ಪಾತ್ರೆಯ ಮೇಲ್ಭಾಗದಲ್ಲಿ ಕಂದು ಬಣ್ಣದ ಉಂಗುರ ಉಳಿಯುತ್ತದೆ, ನೋಡಿದ್ದೀರಲ್ಲ? ಅದಕ್ಕೆ ಕ್ರೌಸನ್ ಉಂಗುರ ಅನ್ನುತ್ತಾರೆ. ಇಂಥ ಕೊಳೆಗೆ ಕ್ಷಾರ ಬೇಕು. ಎರಡನೆಯದು ಖನಿಜದ ಕೊಳೆ. ಗಡಸು ನೀರು ಬಿಟ್ಟುಹೋಗುವ ಸುಣ್ಣದಂಥ ಬಿಳಿ ಪೊರೆ ಮತ್ತು ಬಿಯರ್ ಸ್ಟೋನ್ ಅನ್ನುವ ಕ್ಯಾಲ್ಸಿಯಂ ಆಕ್ಸಲೇಟ್ ಪದರ. ಇದಕ್ಕೆ ಆಮ್ಲ ಬೇಕು. ಕ್ಷಾರ ಎಷ್ಟು ಹಾಕಿದರೂ ಬಿಳಿ ಪೊರೆ ಹೋಗುವುದಿಲ್ಲ, ಆಮ್ಲದಿಂದ ಕಂದು ಉಂಗುರ ಹೋಗುವುದಿಲ್ಲ. ಪುಡಿ, ದ್ರಾವಣ ಕೊಳ್ಳುವ ಮೊದಲು ಈ ಒಂದು ಲೆಕ್ಕ ಹಾಕಿಕೊಂಡರೆ ಅರ್ಧ ಗೊಂದಲ ಕಡಿಮೆ.

ಏನೇನು ತರಬೇಕು?

ನಾನು ಹೇಳುವುದು ಮೂರೇ ಮೂರು. ಒಂದು ಆಮ್ಲಜನಕ ಬಿಡುವ ಕ್ಷಾರದ ಪುಡಿ, ಒಂದು ಮೆದು ಆಮ್ಲ, ಒಂದು ಜಾಲಿಸಬೇಕಿಲ್ಲದ ಸ್ಯಾನಿಟೈಸರ್.

ಕ್ಷಾರದ ಪುಡಿ. ಇದರ ಮುಖ್ಯ ವಸ್ತು ಸೋಡಿಯಂ ಪರ್‌ಕಾರ್ಬೊನೇಟ್. ನೀರಿಗೆ ಬಿದ್ದರೆ ಇದು ವಾಷಿಂಗ್ ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಒಡೆಯುತ್ತದೆ. ಸೋಡಾ ಜಿಡ್ಡನ್ನು ಸಡಿಲ ಮಾಡುತ್ತದೆ, ಪೆರಾಕ್ಸೈಡಿನಿಂದ ಬರುವ ಗುಳ್ಳೆಗಳು ಕೊಳೆಯನ್ನು ಎಬ್ಬಿಸುತ್ತವೆ. ಬ್ರೂಯಿಂಗ್ ಅಂಗಡಿಗಳಲ್ಲಿ ಪಿಬಿಡಬ್ಲ್ಯು ಅನ್ನುವ ಹೆಸರಿನ ಪುಡಿ ಸಿಗುತ್ತದೆ. ಅದರಲ್ಲಿ ಪರ್‌ಕಾರ್ಬೊನೇಟ್ ಜೊತೆ ಸೋಡಿಯಂ ಮೆಟಾಸಿಲಿಕೇಟ್ ಕೂಡ ಇದೆ. ಮೆಟಾಸಿಲಿಕೇಟ್ ಇನ್ನಷ್ಟು ಬಲವಾದ ಕ್ಷಾರ. ಜೊತೆಗೆ ಅದು ಲೋಹ ಸವೆಯದಂತೆಯೂ ನೋಡಿಕೊಳ್ಳುತ್ತದೆ. ಪಿಬಿಡಬ್ಲ್ಯು ಒಳ್ಳೆಯದು, ಆದರೆ ಬೆಲೆ ಜಾಸ್ತಿ. ಪರಿಮಳ ಇಲ್ಲದ ಆಕ್ಸಿಕ್ಲೀನ್ ಅಥವಾ ಬರೀ ಸೋಡಿಯಂ ಪರ್‌ಕಾರ್ಬೊನೇಟ್ ತಂದರೂ ಹೆಚ್ಚಿನ ಕೆಲಸ ಆಗುತ್ತದೆ. 70 ಭಾಗ ಆಕ್ಸಿಕ್ಲೀನ್‌ಗೆ 30 ಭಾಗ ಮೆಟಾಸಿಲಿಕೇಟ್ ಬೆರೆಸಿ ಪಿಬಿಡಬ್ಲ್ಯುಗೆ ಹತ್ತಿರದ ಪುಡಿಯನ್ನು ಮನೆಯಲ್ಲೇ ಮಾಡಿಕೊಳ್ಳುವವರು ಅಮೆರಿಕದಲ್ಲಿ ತುಂಬಾ ಜನ ಇದ್ದಾರೆ. ಬೆರೆಸುವಾಗ ಧೂಳು ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿಕೊಳ್ಳಿ. ‘ಪರಿಮಳ ಇಲ್ಲದ’ ಅನ್ನುವ ಮಾತನ್ನು ಡಬ್ಬಿಯ ಮೇಲೆ ಹುಡುಕಿಯೇ ತನ್ನಿ. ಪ್ಲಾಸ್ಟಿಕ್ ಪಾತ್ರೆ ಪರಿಮಳವನ್ನು ಹೀರಿಕೊಂಡರೆ ಮತ್ತೆ ಬಿಡುವುದಿಲ್ಲ.

ಆಮ್ಲ. ಸಿಟ್ರಿಕ್ ಆಸಿಡ್ ಪುಡಿ ಅಥವಾ ಬಿಳಿ ವಿನೆಗರ್ ಸಾಕು.

ಸ್ಯಾನಿಟೈಸರ್. ಎರಡು ಆಯ್ಕೆ ಇದೆ. ಸ್ಟಾರ್ ಸ್ಯಾನ್‌ನಲ್ಲಿ ಇರುವುದು ಫಾಸ್ಫಾರಿಕ್ ಆಮ್ಲ ಮತ್ತು ನೊರೆ ಬರಿಸುವ ಒಂದು ವಸ್ತು. 19 ಲೀಟರ್ ನೀರಿಗೆ 30 ಮಿಲಿ, ಅಂದರೆ ಲೀಟರಿಗೆ ಸುಮಾರು ಒಂದೂವರೆ ಮಿಲಿ. ಒಂದೆರಡು ನಿಮಿಷ ಪಾತ್ರೆ ಒದ್ದೆಯಾಗಿರಬೇಕು. ಆಮೇಲೆ ನೀರಿನಲ್ಲಿ ಜಾಲಿಸುವ ಅಗತ್ಯವಿಲ್ಲ. ಇನ್ನೊಂದು ಅಯೋಡೋಫೋರ್, ಅಯೋಡಿನ್ ಇರುವ ಕಂದು ದ್ರಾವಣ. ಸಾಮಾನ್ಯವಾಗಿ 12.5 ಪಿಪಿಎಂ ಬಲಕ್ಕೆ ತೆಳು ಮಾಡಿ ಬಳಸುತ್ತಾರೆ. ಪಿಪಿಎಂ ಅಂದರೆ ಹತ್ತು ಲಕ್ಷ ಭಾಗಕ್ಕೆ ಎಷ್ಟು ಭಾಗ ಅನ್ನುವ ಅಳತೆ. ಕಂಪನಿಯಿಂದ ಕಂಪನಿಗೆ ಬಲ ಬೇರೆ ಇರುವುದರಿಂದ ಎಷ್ಟು ಮಿಲಿ ಅನ್ನುವುದನ್ನು ಲೇಬಲ್ ನೋಡಿಯೇ ಹಾಕಿ. ನೀರಿನ ಬಣ್ಣ ಮಾಸಿತು ಅಂದರೆ ಅದರ ಶಕ್ತಿ ಮುಗಿಯಿತು ಅಂತ ಅರ್ಥ. ಇದು ಪ್ಲಾಸ್ಟಿಕ್ ಮೇಲೆ ಕಂದು ಕಲೆ ಬಿಡುತ್ತದೆ, ಬಟ್ಟೆ ಮೇಲೂ ಬಿಡುತ್ತದೆ. ಎರಡರಲ್ಲಿ ನಾನು ಸ್ಟಾರ್ ಸ್ಯಾನ್ ಕಡೆಗೇ. ಸ್ಪ್ರೇ ಬಾಟಲಿಯಲ್ಲಿ ಇಟ್ಟುಕೊಂಡರೆ ಅಡುಗೆಮನೆಯಲ್ಲಿ ಎಲ್ಲೆಂದರಲ್ಲಿ ಕೈಗೆ ಸಿಗುತ್ತದೆ, ಅದೇ ದೊಡ್ಡ ಅನುಕೂಲ.

ಇವು ಬೇಡ

ಬ್ಲೀಚ್ ಅಗ್ಗ, ಎಲ್ಲೆಡೆ ಸಿಗುತ್ತದೆ, ಸೂಕ್ಷ್ಮಜೀವಿಗಳನ್ನು ಸಾಯಿಸುವುದೂ ನಿಜ. ಆದರೂ ಬೇಡ ಅನ್ನುತ್ತೇನೆ. ಅದರಲ್ಲಿರುವ ಕ್ಲೋರಿನ್ ಚೂರು ಉಳಿದರೂ ಬಿಯರ್‌ನ ಫೀನಾಲ್‌ಗಳ ಜೊತೆ ಸೇರಿ ಕ್ಲೋರೋಫೀನಾಲ್ ಆಗುತ್ತದೆ. ಆಗ ಬಿಯರ್‌ಗೆ ಗಾಯಕ್ಕೆ ಹಚ್ಚುವ ಪಟ್ಟಿಯಂಥ ಔಷಧಿ ವಾಸನೆ ಬರುತ್ತದೆ. ತುಂಬಾ ಕಡಿಮೆ ಪ್ರಮಾಣದಲ್ಲೇ ಅದು ನಾಲಿಗೆಗೆ ಗೊತ್ತಾಗುತ್ತದೆ, ಮತ್ತೆ ತೆಗೆಯಲು ಆಗುವುದಿಲ್ಲ. ಸ್ಟೀಲ್ ಪಾತ್ರೆಯಲ್ಲಿ ಬ್ಲೀಚ್ ಬಿಟ್ಟರೆ ಸಣ್ಣ ಸಣ್ಣ ತೂತುಗಳಂಥ ತುಕ್ಕಿನ ಗುಳಿ ಬೀಳುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಬ್ಲೀಚ್ ಜೊತೆ ವಿನೆಗರ್, ಸಿಟ್ರಿಕ್ ಆಸಿಡ್, ಸ್ಟಾರ್ ಸ್ಯಾನ್ ಯಾವುದು ಸೇರಿದರೂ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಆಮ್ಲ ಇಟ್ಟಿರುವ ಮನೆಯಲ್ಲಿ ಬಿಯರ್ ಪಾತ್ರೆಗೆ ಬ್ಲೀಚ್ ಬಳಸದಿರುವುದೇ ಕ್ಷೇಮ.

ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್. ದೊಡ್ಡ ಬ್ರೂವರಿಗಳು ಬಳಸುವುದು ಇದನ್ನೇ. ಅಲ್ಲಿ ಮುಚ್ಚಿದ ಪೈಪು, ಪಂಪು, ತರಬೇತಿ ಪಡೆದ ಕೆಲಸಗಾರರು ಎಲ್ಲ ಇರುತ್ತಾರೆ. ಮನೆಯಲ್ಲಿ ಇದು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಅಲ್ಯೂಮಿನಿಯಂ ಪಾತ್ರೆಯನ್ನು ಕರಗಿಸಿ ಹೈಡ್ರೋಜನ್ ಅನಿಲ ಬಿಡುತ್ತದೆ. ಪರ್‌ಕಾರ್ಬೊನೇಟ್‌ನಿಂದ ಆಗದ ಕೆಲಸ ಮನೆಯ ಪಾತ್ರೆಯಲ್ಲಿ ಇರುವುದಿಲ್ಲ, ಸ್ವಲ್ಪ ಹೊತ್ತು ಜಾಸ್ತಿ ನೆನೆಸಬೇಕು ಅಷ್ಟೇ.

ಪಾತ್ರೆ ತೊಳೆಯುವ ದ್ರವದ ಸೋಪು. ನಿಂಬೆ ವಾಸನೆಯದ್ದು ಬೇಡವೇ ಬೇಡ. ಪರಿಮಳ ಇಲ್ಲದ್ದನ್ನು ಬಳಸಿ ಚೆನ್ನಾಗಿ ಜಾಲಿಸಿದರೆ ತೊಂದರೆ ಇಲ್ಲ, ಆದರೆ ಪೊರೆ ಉಳಿದರೆ ಗ್ಲಾಸಿನಲ್ಲಿ ನೊರೆ ನಿಲ್ಲುವುದಿಲ್ಲ. ಡಿಶ್‌ವಾಶರ್‌ನ ಹೊಳಪು ಕೊಡುವ ದ್ರವವೂ ಇದೇ ಕೆಲಸ ಮಾಡುತ್ತದೆ.

ವೈನ್ ಮಾಡುವವರು ಬಳಸುವ ಕ್ಯಾಂಪ್ಡನ್ ಮಾತ್ರೆ ಅಥವಾ ಮೆಟಾಬೈಸಲ್ಫೈಟನ್ನು ಬಿಯರ್ ಪಾತ್ರೆಗೆ ಸ್ಯಾನಿಟೈಸರ್ ಅಂತ ನಂಬಬೇಡಿ. ಅದು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಹಿಡಿಯುತ್ತದೆ ಹೊರತು ಪಾತ್ರೆಯನ್ನು ಬೇಗ ಶುದ್ಧ ಮಾಡುವುದಿಲ್ಲ. ಅದರ ಘಾಟಿನಿಂದ ಆಸ್ತಮಾ ಇರುವವರಿಗೆ ಉಸಿರು ಕಟ್ಟಬಹುದು.

ಈಗ ಹಂತ ಹಂತವಾಗಿ ಮಾಡೋಣ

1. ಖಾಲಿ ಆದ ಕೂಡಲೇ ನೀರು ಹಾಕಿ

ಬಿಯರ್ ಬಾಟಲಿಗೆ ತುಂಬಿಸಿದ ಮೇಲೆ ಸುಸ್ತಾಗಿರುತ್ತದೆ, ‘ನಾಳೆ ತೊಳೆದರಾಯ್ತು’ ಅನ್ನಿಸುತ್ತದೆ. ಹಾಗೆ ಬಿಡಬೇಡಿ. ದೋಸೆ ಹಿಟ್ಟಿನ ಪಾತ್ರೆ ಒಣಗಿದ ಮೇಲೆ ಹೇಗೋ ಹಾಗೆಯೇ ಇದು. ಹಸಿಯಾಗಿದ್ದಾಗ ನೀರಿಗೇ ಹೋಗುವುದು, ಒಣಗಿದ ಮೇಲೆ ಉಗುರಿಗೂ ಬರುವುದಿಲ್ಲ. ಗಷ್ಟನ್ನು ಚೆಲ್ಲಿ, ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಿಂದ ಎರಡು ಸಲ ಜಾಲಿಸಿ. ಮೊದಲೇ ಕುದಿಯುವ ನೀರು ಹಾಕಬೇಡಿ, ಪ್ರೋಟೀನ್ ಬೆಂದು ಇನ್ನೂ ಗಟ್ಟಿಯಾಗಿ ಅಂಟುತ್ತದೆ. ಅವತ್ತು ನಿಜವಾಗಿಯೂ ಆಗುವುದೇ ಇಲ್ಲ ಅಂದರೆ ಅಂಚಿನವರೆಗೆ ನೀರು ತುಂಬಿಸಿಟ್ಟು ಮಲಗಿ.

2. ಬಿಚ್ಚಬಹುದಾದ್ದನ್ನೆಲ್ಲ ಬಿಚ್ಚಿ

ಓದುಗರು ಹೆಚ್ಚಾಗಿ ಬಿಟ್ಟುಬಿಡುವ ಹಂತ ಇದು, ಬಿಯರ್ ಕೆಡುವುದೂ ಹೆಚ್ಚಾಗಿ ಇಲ್ಲಿಂದಲೇ. ಬಕೆಟ್ಟಿನ ಕೆಳಗಿನ ಪ್ಲಾಸ್ಟಿಕ್ ನಲ್ಲಿಯನ್ನು ತಿರುಗಿಸಿ ಹೊರಗೆ ತೆಗೆಯಿರಿ. ಅದರ ಒಳಗಿನ ತಿರುಗುವ ಭಾಗವನ್ನೂ ಬೇರೆ ಮಾಡಿ. ಎರಡೂ ಕಡೆಯ ರಬ್ಬರ್ ವಾಷರ್ ತೆಗೆಯಿರಿ. ಬಿಚ್ಚಿ ನೋಡಿದಾಗ ಒಳಗೆ ಕಂದು ಲೋಳೆ ಕಂಡರೆ ಗಾಬರಿಯಾಗಬೇಡಿ, ಆದರೆ ಇನ್ನು ಮುಂದೆ ಪ್ರತಿ ಸಲವೂ ಬಿಚ್ಚಿ. ಕುದಿಸುವ ಪಾತ್ರೆಯ ಬಾಲ್ ವಾಲ್ವ್ ಅನ್ನೂ ಆಗಾಗ ಬಿಚ್ಚಬೇಕು, ಅದರ ಒಳಗಿನ ಗುಂಡಿನ ಹಿಂದೆ ಬಾರ್ಲಿಯ ಸಿಹಿ ರಸ ನಿಂತು ಕೊಳೆಯುತ್ತದೆ.

ಕೆಗ್, ಅಂದರೆ ಅನಿಲದ ಒತ್ತಡದಲ್ಲಿ ಬಿಯರ್ ತುಂಬಿಡುವ ಸ್ಟೀಲ್ ಪಾತ್ರೆ, ಇದ್ದರೆ ಮೊದಲು ಅದರ ಅನಿಲದ ಒತ್ತಡವನ್ನು ಪೂರ್ತಿ ಬಿಡಿ. ಇದನ್ನು ಮರೆತು ಸ್ಪ್ಯಾನರ್ ಹಾಕಿದರೆ ಬಿಡಿಭಾಗ ಗುಂಡಿನ ಹಾಗೆ ಹಾರುತ್ತದೆ. ಆಮೇಲೆ ಎರಡೂ ಪೋಸ್ಟ್ (ಅನಿಲದ ಮತ್ತು ಬಿಯರ್‌ನ ಕೊಳವೆ ಸಿಕ್ಕಿಸುವ ಮೂತಿಗಳು), ಅದರೊಳಗಿನ ಸ್ಪ್ರಿಂಗ್ ಇರುವ ಸಣ್ಣ ವಾಲ್ವ್, ಉದ್ದದ ಕೊಳವೆ, ಓ ರಿಂಗ್ ಎಲ್ಲ ತೆಗೆದು ಒಂದು ಬಟ್ಟಲಿಗೆ ಹಾಕಿ. ಅನಿಲದ ಕಡೆಯದು ಯಾವುದು, ಬಿಯರ್ ಕಡೆಯದು ಯಾವುದು ಅಂತ ಗುರುತು ಇಟ್ಟುಕೊಳ್ಳಿ.

3. ದ್ರಾವಣ ಮಾಡಿ

ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಮೊದಲು ನೀರು, ಆಮೇಲೆ ಪುಡಿ. ಸಾಮಾನ್ಯ ಕೊಳೆಗೆ ಲೀಟರ್ ನೀರಿಗೆ 7ರಿಂದ 8 ಗ್ರಾಂ ಪುಡಿ. 19 ಲೀಟರ್ ಪಾತ್ರೆ ತುಂಬಾ ಮಾಡುವುದಾದರೆ ಸುಮಾರು 140 ಗ್ರಾಂ. ಒಣಗಿ ಗಟ್ಟಿಯಾದ ಕೊಳೆಗೆ ಎರಡರಷ್ಟು ಹಾಕಬಹುದು. ಅದಕ್ಕಿಂತ ಜಾಸ್ತಿ ಹಾಕಿದರೆ ಲಾಭವಿಲ್ಲ, ಜಾಲಿಸುವ ಕೆಲಸ ಮಾತ್ರ ಹೆಚ್ಚುತ್ತದೆ. ಚಮಚದ ಲೆಕ್ಕ ಬೇಡ. ಅಡುಗೆಮನೆಯ ತೂಕದ ಯಂತ್ರದಲ್ಲಿ ತೂಗಿ, ಪುಡಿಯಿಂದ ಪುಡಿಗೆ ಸಾಂದ್ರತೆ ಬೇರೆ ಇರುತ್ತದೆ.

ನೀರಿನ ಬಿಸಿ ಪಾತ್ರೆಯನ್ನು ನೋಡಿ ಇರಲಿ. ಸ್ಟೀಲ್‌ಗೆ 60 ಡಿಗ್ರಿ ಸೆಲ್ಸಿಯಸ್ ಚೆನ್ನಾಗಿ ಕೆಲಸ ಮಾಡುತ್ತದೆ. ತೆಳು ಪೆಟ್ ಪ್ಲಾಸ್ಟಿಕ್ ಫರ್ಮೆಂಟರ್‌ಗೆ, ಅಂದರೆ ಬಿಯರ್ ಹುದುಗುವ ಪಾರದರ್ಶಕ ಪಾತ್ರೆಗೆ, 50 ಡಿಗ್ರಿ ದಾಟಿಸಬೇಡಿ, ಸೊಟ್ಟಗಾಗುತ್ತದೆ. ತಣ್ಣಗಿನ ಗಾಜಿನ ಪಾತ್ರೆಗೆ ಬಿಸಿ ನೀರು ಸುರಿಯಲೇಬೇಡಿ, ಬಿರುಕು ಬಿಡುತ್ತದೆ.

ದೊಡ್ಡ ಎಚ್ಚರಿಕೆ: ಈ ದ್ರಾವಣ ಆಮ್ಲಜನಕ ಬಿಡುತ್ತಲೇ ಇರುತ್ತದೆ. ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿಟ್ಟರೆ ಒತ್ತಡ ಏರಿ ಒಡೆಯಬಹುದು. ಸ್ಪ್ರೇ ಬಾಟಲಿಯಲ್ಲೂ ಇಡಬೇಡಿ. ಪಾತ್ರೆ ಅಲ್ಲಾಡಿಸಲು ಮುಚ್ಚಳ ಹಾಕಿದರೆ ಕೂಡಲೇ ಸಡಿಲ ಮಾಡಿ. ‘ನಾಳೆಗೂ ಆಗುತ್ತೆ’ ಅಂತ ಉಳಿಸಿಕೊಳ್ಳುವುದರಲ್ಲೂ ಅರ್ಥವಿಲ್ಲ, ಕೆಲವು ಗಂಟೆಗಳಲ್ಲಿ ಅದರ ಆಮ್ಲಜನಕ ಮುಗಿದು ಬರೀ ಸೋಡಾ ನೀರು ಉಳಿದಿರುತ್ತದೆ.

4. ನೆನೆಸಿ

ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು. ನಲ್ಲಿ ಬಿಚ್ಚಿದ ತೂತನ್ನು ಮುಚ್ಚಿ, ಕ್ರೌಸನ್ ಉಂಗುರಕ್ಕೆ ದ್ರಾವಣ ಮುಟ್ಟುವಂತೆ ಪಾತ್ರೆ ತುಂಬಿ. ಬಿಚ್ಚಿದ ನಲ್ಲಿ, ವಾಷರ್, ಟ್ಯೂಬ್ ಎಲ್ಲವನ್ನೂ ಅದೇ ದ್ರಾವಣದಲ್ಲಿ ಮುಳುಗಿಸಿ. ಟ್ಯೂಬಿನ ಒಳಗೆ ಗಾಳಿ ನಿಂತಿದ್ದರೆ ಅಲ್ಲಿ ದ್ರಾವಣ ಮುಟ್ಟುವುದಿಲ್ಲ, ಒಂದು ತುದಿಯಿಂದ ತುಂಬಿಸಿ ಗಾಳಿ ಹೊರಗೆ ಹಾಕಿ.

ಹಳೆಯ ಬಿಯರ್ ಬಾಟಲಿ ಮರುಬಳಕೆ ಮಾಡುವವರು ಅವನ್ನೂ ಇದರಲ್ಲೇ ನೆನೆಸಿ. ಲೇಬಲ್ ತಾನಾಗಿಯೇ ಬಿಟ್ಟು ತೇಲುತ್ತದೆ. ಆದರೆ ಗಡಸು ನೀರಿನ ಊರಿನಲ್ಲಿ ದಿನಗಟ್ಟಲೆ ಬಿಡಬೇಡಿ. ಸೋಡಾ ಮತ್ತು ನೀರಿನ ಕ್ಯಾಲ್ಸಿಯಂ ಸೇರಿ ಬಿಳಿ ಪೊರೆ ಕೂರುತ್ತದೆ.

5. ಒರೆಸಿ, ಗೀರಬೇಡಿ

ನೆನೆದ ಮೇಲೆ ಮೆದು ಬಟ್ಟೆ ಅಥವಾ ಸ್ಪಂಜು ಸಾಕು. ಪ್ಲಾಸ್ಟಿಕ್ ಪಾತ್ರೆಗೆ ಸ್ಟೀಲ್ ಸ್ಕ್ರಬ್ಬರ್, ಹಸಿರು ಸ್ಕ್ರಬ್ಬರ್, ತೆಂಗಿನ ನಾರು ಏನೂ ತಾಗಿಸಬೇಡಿ. ಕಣ್ಣಿಗೆ ಕಾಣದ ಗೀರಿನೊಳಗೆ ಬ್ಯಾಕ್ಟೀರಿಯಾ ಮನೆ ಮಾಡಿಕೊಳ್ಳುತ್ತವೆ, ಅಲ್ಲಿಗೆ ಸ್ಯಾನಿಟೈಸರ್ ಇಳಿಯುವುದಿಲ್ಲ. ನೆನೆಸಿದರೂ ಹೋಗದಿದ್ದರೆ ಉಜ್ಜುವ ಬದಲು ಹೊಸ ದ್ರಾವಣ ಮಾಡಿ ಮತ್ತೆ ನೆನೆಸಿ. ಟ್ಯೂಬಿನ ಒಳಗೆ ಕಲೆ ಉಳಿದರೆ ಅದನ್ನು ಎಸೆದು ಹೊಸದು ತನ್ನಿ. ಒಂದು ಮೀಟರ್ ಟ್ಯೂಬಿಗಿಂತ 19 ಲೀಟರ್ ಬಿಯರ್ ದುಬಾರಿ.

6. ಜಾಲಿಸಿ

ಕ್ಷಾರ ಉಳಿದರೆ ಮೇಲ್ಮೈ ಬೆರಳಿಗೆ ಜಾರುತ್ತದೆ. ಆ ಜಾರುವಿಕೆ ಪೂರ್ತಿ ಹೋಗುವ ತನಕ ಬೆಚ್ಚಗಿನ ನೀರಿನಲ್ಲಿ ಜಾಲಿಸಿ, ಸಾಮಾನ್ಯವಾಗಿ ಮೂರು ಸಲ. ಕಣ್ಣಿನ ಪರೀಕ್ಷೆಯೂ ಇದೆ. ನೀರು ತೆಳು ಹಾಳೆಯಂತೆ ಒಂದೇ ಸಮ ಇಳಿದರೆ ಗಾಜು ಅಥವಾ ಸ್ಟೀಲ್ ಶುಚಿಯಾಗಿದೆ. ಅಲ್ಲಲ್ಲಿ ಹನಿಯಾಗಿ ಒಡೆದು ನಿಂತರೆ ಜಿಡ್ಡು ಇನ್ನೂ ಇದೆ, ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ. ಆಮೇಲೆ ಮೂಗು ಹಾಕಿ ನೋಡಿ. ಏನೂ ವಾಸನೆ ಬರಬಾರದು.

7. ಬಿಳಿ ಪೊರೆ ಕಂಡರೆ ಆಮ್ಲ

ಇದು ಪ್ರತಿ ಸಲ ಬೇಕಿಲ್ಲ. ಒಣಗಿದಾಗ ಪುಡಿಯಂಥ ಬಿಳುಪು ಕಂಡರೆ ಲೀಟರ್ ಬಿಸಿ ನೀರಿಗೆ 20 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ಅರ್ಧ ಗಂಟೆ ಬಿಡಿ, ಒರೆಸಿ, ಜಾಲಿಸಿ. ತೆಳು ಪೊರೆಗೆ ವಿನೆಗರ್ ಬಟ್ಟೆ ಸಾಕು. ಕ್ಷಾರದ ದ್ರಾವಣ ಇರುವಾಗಲೇ ಆಮ್ಲ ಹಾಕಬೇಡಿ, ಒಂದನ್ನೊಂದು ಕೊಂದುಕೊಂಡು ಎರಡೂ ವ್ಯರ್ಥ, ನೊರೆ ಉಕ್ಕುವುದೂ ಉಂಟು. ನಡುವೆ ನೀರು ಹಾಕಿ ಜಾಲಿಸಲೇಬೇಕು.

8. ಒಣಗಿಸಿ ಇಡಿ

ಬೋರಲು ಹಾಕಿ, ಕೆಳಗೆ ಗಾಳಿ ಆಡುವಂತೆ ಎತ್ತರದಲ್ಲಿ ಇಡಿ. ಒದ್ದೆ ಪಾತ್ರೆಗೆ ಮುಚ್ಚಳ ಬಿಗಿದು ಗ್ಯಾರೇಜಿನಲ್ಲಿ ಇಟ್ಟರೆ ಮುಂದಿನ ಸಲ ತೆಗೆದಾಗ ಬೂಷ್ಟು ಇರುತ್ತದೆ. ಟ್ಯೂಬನ್ನು ತೂಗುಹಾಕಿ ಎರಡೂ ತುದಿಯಿಂದ ನೀರು ಇಳಿಯಲು ಬಿಡಿ. ಕೆಗ್‌ನ ಓ ರಿಂಗ್‌ಗೆ ಆಹಾರ ದರ್ಜೆಯ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ ಜೋಡಿಸಿ. ಬೇರೆ ಎಣ್ಣೆ, ವ್ಯಾಸಲೀನ್ ಬೇಡ, ಬಿಯರ್‌ನ ನೊರೆ ಕೆಡಿಸುತ್ತದೆ.

9. ಬ್ರೂ ಮಾಡುವ ದಿನ ಸ್ಯಾನಿಟೈಸ್ ಮಾಡಿ

ಇದನ್ನು ಮುಂಚೆಯೇ ಮಾಡಿಟ್ಟರೆ ಪ್ರಯೋಜನವಿಲ್ಲ. ಬಳಸುವ ಸ್ವಲ್ಪ ಹೊತ್ತಿನ ಮೊದಲು ಮಾಡಬೇಕು. ಬಾರ್ಲಿ ರಸ ಕುದಿಯುವಾಗ ಬರೀ ಶುಚಿಯಾಗಿರುವ ಪಾತ್ರೆ ಸಾಕು, ಕುದಿಯುವ ಬಿಸಿಯೇ ಉಳಿದ ಕೆಲಸ ಮಾಡುತ್ತದೆ. ತಣ್ಣಗಾದ ಮೇಲೆ ಅದನ್ನು ಮುಟ್ಟುವ ಪ್ರತಿಯೊಂದೂ ಸ್ಯಾನಿಟೈಸ್ ಆಗಿರಬೇಕು. ಫರ್ಮೆಂಟರ್, ಮುಚ್ಚಳ, ನಲ್ಲಿ, ಚಮಚ, ಥರ್ಮಾಮೀಟರ್, ಯೀಸ್ಟ್ ಪ್ಯಾಕೆಟ್ ಕತ್ತರಿಸುವ ಕತ್ತರಿ, ಪ್ಯಾಕೆಟ್ಟಿನ ಅಂಚು ಕೂಡ. ತಾಮ್ರದ ಚಿಲ್ಲರ್, ಅಂದರೆ ರಸವನ್ನು ತಣಿಸುವ ಸುರುಳಿ ಕೊಳವೆ ಇದ್ದರೆ, ಕುದಿತ ಮುಗಿಯುವ 15 ನಿಮಿಷ ಮೊದಲೇ ಅದನ್ನು ಪಾತ್ರೆಗೆ ಇಳಿಸಿ, ಬೇರೆ ಸ್ಯಾನಿಟೈಸರ್ ಬೇಕಿಲ್ಲ.

ಸ್ಟಾರ್ ಸ್ಯಾನ್ ನೊರೆ ಕಂಡು ಹೆದರಿ ಜಾಲಿಸಬೇಡಿ. ಇದು ನನಗೆ ಅತಿ ಹೆಚ್ಚು ಬರುವ ಪ್ರಶ್ನೆ. ಸರಿಯಾದ ಅಳತೆಯಲ್ಲಿ ಮಾಡಿದ್ದರೆ ಪಾತ್ರೆಯಲ್ಲಿ ಉಳಿದ ನೊರೆಯಿಂದ ಬಿಯರ್‌ಗೂ ನಿಮಗೂ ತೊಂದರೆ ಇಲ್ಲ. ನಲ್ಲಿ ನೀರಿನಲ್ಲಿ ಜಾಲಿಸಿದರೆ ಮಾಡಿದ ಕೆಲಸವೆಲ್ಲ ಹಾಳು. ಆದರೆ ‘ಸರಿಯಾದ ಅಳತೆ’ ಅನ್ನುವುದು ಮುಖ್ಯ. ಔಷಧಿ ಅಂಗಡಿಯ ಸಿರಿಂಜು ಇಟ್ಟುಕೊಳ್ಳಿ, ಕಣ್ಣಂದಾಜಿನಲ್ಲಿ ಸುರಿಯಬೇಡಿ. ಡಿಸ್ಟಿಲ್ಡ್ ನೀರಿನಲ್ಲಿ ಮಾಡಿದ ದ್ರಾವಣ ವಾರಗಟ್ಟಲೆ ಬಾಳುತ್ತದೆ. ಗಡಸು ನೀರಿನಲ್ಲಿ ಮಾಡಿದ್ದು ಬೇಗ ಮಬ್ಬಾಗುತ್ತದೆ. ಅನುಮಾನ ಬಂದರೆ ಪಿಎಚ್ ಪಟ್ಟಿ ಅದ್ದಿ ನೋಡಿ. ಪಿಎಚ್ ಅಂದರೆ ಹುಳಿಯ ಅಳತೆ. 3ಕ್ಕಿಂತ ಕೆಳಗಿದ್ದರೆ ಬಳಸಿ, ಮೇಲಿದ್ದರೆ ಚೆಲ್ಲಿ. ಅಂದಹಾಗೆ, ಇದರ ಹನಿ ಮಾರ್ಬಲ್ ಕಟ್ಟೆಯ ಮೇಲೆ ಬಿದ್ದರೆ ಹೊಳಪು ತಿಂದು ಕಲೆ ಮಾಡುತ್ತದೆ, ಬಟ್ಟೆ ಹಾಸಿಕೊಂಡು ಕೆಲಸ ಮಾಡಿ.

ಪಾತ್ರೆಯ ಜಾತಿ ನೋಡಿ

ಸ್ಟೀಲ್ ಎಲ್ಲಕ್ಕೂ ಹೊಂದುತ್ತದೆ, ಬ್ಲೀಚ್ ಒಂದನ್ನು ಬಿಟ್ಟು. ಅಲ್ಯೂಮಿನಿಯಂ ಪಾತ್ರೆಯ ಒಳಗಿನ ಮಾಸಲು ಬೂದು ಬಣ್ಣವನ್ನು ಕೊಳೆ ಅಂತ ಉಜ್ಜಿ ತೆಗೆಯಬೇಡಿ. ಅದು ಲೋಹವನ್ನು ಕಾಪಾಡುವ ಆಕ್ಸೈಡ್ ಪದರ. ಬರೀ ಪರ್‌ಕಾರ್ಬೊನೇಟ್‌ನಲ್ಲಿ ಅಲ್ಯೂಮಿನಿಯಂ ಅನ್ನು ಹೆಚ್ಚು ಹೊತ್ತು ಬಿಟ್ಟರೆ ಕಪ್ಪಾಗುತ್ತದೆ. ತಾಮ್ರದ ಚಿಲ್ಲರ್ ಮಾಸಲಾಗಿದ್ದರೆ ತೊಂದರೆಯಿಲ್ಲ. ಹಸಿರು ಕಿಲುಬು ಕಂಡರೆ ಮಾತ್ರ ಅದು ವಿಷ, ವಿನೆಗರ್‌ನಲ್ಲಿ ನೆನೆಸಿ ತೆಗೆದು, ತೊಳೆದು ಬಳಸಿ. ಗಾಜಿನ ಕಾರ್‌ಬಾಯ್, ಅಂದರೆ ಕಿರಿದಾದ ಬಾಯಿಯ ದೊಡ್ಡ ಬಾಟಲಿಯ ಬಗ್ಗೆ ನನ್ನ ಮಾತು ನೇರ. ಒದ್ದೆ ಕೈ, ಸೋಪಿನ ನೀರು, ಭಾರದ ಗಾಜು, ಮೂರೂ ಒಟ್ಟಿಗೆ ಇದ್ದರೆ ದೊಡ್ಡ ಗಾಯ ಆಗುವ ಸಾಧ್ಯತೆ ಇದೆ. ಇರುವುದನ್ನೇ ಬಳಸುವುದಾದರೆ ಸಿಂಕಿನಲ್ಲಿ ಬೇಡ, ನೆಲದ ಮೇಲೆ ದಪ್ಪ ಟವೆಲ್ ಹಾಸಿ ತೊಳೆಯಿರಿ. ಹೊಸದಾಗಿ ಕೊಳ್ಳುವವರು ಪ್ಲಾಸ್ಟಿಕ್ ಅಥವಾ ಸ್ಟೀಲ್ ಕೊಳ್ಳಿ.

ಕೆಗ್‌ನಿಂದ ಗ್ಲಾಸಿಗೆ ಬರುವ ಕೊಳವೆಯನ್ನು ಮರೆಯುವವರು ಬಹಳ. ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ಬಾರ್‌ಗಳಿಗೆ ಎರಡು ವಾರಕ್ಕೊಮ್ಮೆ ಅದನ್ನು ತೊಳೆಯಲು ಹೇಳುತ್ತದೆ. ಮನೆಯಲ್ಲಿ ಕೆಗ್ ಬದಲಿಸುವಾಗಲೆಲ್ಲ ತೊಳೆಯಿರಿ. ಕೆಗ್ ಹೆಚ್ಚು ದಿನ ಬಂದರೆ ನಡುವೆಯೂ ಒಮ್ಮೆ.

ಆದರೂ ಬಿಯರ್ ಕೆಡುತ್ತಿದೆಯಾ?

ಒಂದು ಸಲ ಹುಳಿಯಾದರೆ ಕಾರಣ ಏನೂ ಇರಬಹುದು. ಸತತವಾಗಿ ಆಗುತ್ತಿದ್ದರೆ, ಬಿಯರ್ ಮೇಲೆ ಬಿಳಿ ಸುಕ್ಕು ಪೊರೆ ಬರುತ್ತಿದ್ದರೆ, ಬಾಟಲಿ ತೆರೆದಾಗ ಕಾರಂಜಿಯಂತೆ ಉಕ್ಕುತ್ತಿದ್ದರೆ, ಸ್ಯಾನಿಟೈಸರ್ ಬದಲಿಸಲು ಹೋಗಬೇಡಿ. ನಲ್ಲಿ, ವಾಷರ್, ಟ್ಯೂಬ್ ಮೂರನ್ನೂ ಹೊಸದಾಗಿ ತನ್ನಿ. ಬಕೆಟ್ಟಿನ ಒಳಗೆ ಟಾರ್ಚ್ ಹಾಕಿ ಗೀರು ಹುಡುಕಿ, ಇದ್ದರೆ ಅದನ್ನು ಬೇರೆ ಕೆಲಸಕ್ಕೆ ಕೊಡಿ. ಉಕ್ಕುವ ಬಾಟಲಿಗಳನ್ನು ತಣ್ಣಗೆ ಮಾಡಿ, ಟವೆಲ್ ಸುತ್ತಿ, ಹುಷಾರಾಗಿ ತೆರೆದು ಖಾಲಿ ಮಾಡಿ. ಒತ್ತಡ ಏರಿದ ಬಾಟಲಿ ಸಿಡಿಯುತ್ತದೆ.

ಊರಿನಲ್ಲಿ ಕೊಂಬುಚಾ ಮಾಡುವವರಿಗೆ

ನಿಮಗೆ ಇಷ್ಟೆಲ್ಲ ಬೇಕಿಲ್ಲ. ಕೊಂಬುಚಾ ತಾನೇ ಹುಳಿ, ಹೆಚ್ಚಿನ ಕೆಟ್ಟ ಜೀವಿಗಳನ್ನು ಅದೇ ತಡೆಯುತ್ತದೆ. ಆದರೂ ಜಾಡಿ ಶುಚಿಯಾಗಿರಬೇಕು. ಪರಿಮಳ ಇಲ್ಲದ ಸೋಪಿನಲ್ಲಿ ತೊಳೆದು, ಬಿಸಿ ನೀರಿನಲ್ಲಿ ಚೆನ್ನಾಗಿ ಜಾಲಿಸಿ, ಕೊನೆಗೆ ಬಿಳಿ ವಿನೆಗರ್ ಸವರಿ ಚೆಲ್ಲಿ. ಬ್ಯಾಕ್ಟೀರಿಯಾ ಸಾಯಿಸುವ ಸೋಪು ಬೇಡ. ಸ್ಕೋಬಿ, ಅಂದರೆ ಮೇಲೆ ತೇಲುವ ಆ ದಪ್ಪ ಪೊರೆ, ಬ್ಯಾಕ್ಟೀರಿಯಾ ಮತ್ತು ಯೀಸ್ಟಿನಿಂದಲೇ ಆದದ್ದು. ಉಪ್ಪಿನಕಾಯಿ ಹಾಕಿದ್ದ ಗಾಜಿನ ಜಾಡಿ ಬಳಸುವುದಾದರೆ ಮುಚ್ಚಳ ಹೊಸದಿರಲಿ. ಗಾಜಿನಿಂದ ಎಣ್ಣೆ ವಾಸನೆ ಹೋಗುತ್ತದೆ, ಮುಚ್ಚಳದ ರಬ್ಬರಿನಿಂದ ಹೋಗುವುದಿಲ್ಲ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಜಾಡಿಯ ಮೇಲೆ ಬಿಳಿ ಪೊರೆ ಬೇಗ ಕೂರುತ್ತದೆ. ಅದಕ್ಕೆ ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುವ ಸಿಟ್ರಿಕ್ ಆಸಿಡ್ ಸಾಕು, ಅಳತೆ ಏಳನೇ ಹಂತದ್ದೇ. ಟಾಯ್ಲೆಟ್ ತೊಳೆಯುವ ಆಸಿಡನ್ನು ಮಾತ್ರ ಕುಡಿಯುವ, ತಿನ್ನುವ ಪಾತ್ರೆಯ ಹತ್ತಿರವೂ ತರಬೇಡಿ.

ಪುಡಿ, ದ್ರಾವಣಗಳನ್ನು ಇಡುವುದು

ಪರ್‌ಕಾರ್ಬೊನೇಟ್ ಪುಡಿಗೆ ತೇವ ತಾಗಿದರೆ ಡಬ್ಬಿಯಲ್ಲೇ ಆಮ್ಲಜನಕ ಬಿಟ್ಟು ಸತ್ವ ಕಳೆದುಕೊಳ್ಳುತ್ತದೆ. ಒಣ ಚಮಚ ಹಾಕಿ, ಬಂದ ಡಬ್ಬಿಯಲ್ಲೇ ಒಣ ಜಾಗದಲ್ಲಿ ಇಡಿ. ಸ್ಟಾರ್ ಸ್ಯಾನ್ ಮೂಲ ದ್ರಾವಣ ಗಟ್ಟಿ ಆಮ್ಲ, ಚರ್ಮಕ್ಕೆ ಬಿದ್ದರೆ ಸುಡುತ್ತದೆ. ಯಾವುದನ್ನೂ ನೀರಿನ ಬಾಟಲಿಗೆ ಬಗ್ಗಿಸಿ ಇಡಬೇಡಿ. ಸ್ಪ್ರೇ ಬಾಟಲಿಯ ಮೇಲೆ ಏನಿದೆ, ಯಾವತ್ತು ಮಾಡಿದ್ದು ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ, ಮನೆಯ ಬೇರೆಯವರೂ ಓದುವ ಹಾಗೆ. ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ಆಮ್ಲ ಮತ್ತು ಬ್ಲೀಚ್ ಬೇರೆ ಬೇರೆ ಕಪಾಟಿನಲ್ಲಿ ಇರಲಿ. ಕಣ್ಣಿಗೆ ಸಿಡಿದರೆ ಉಜ್ಜಬೇಡಿ. ಹರಿಯುವ ನೀರಿನಲ್ಲಿ 15 ನಿಮಿಷ ಬಿಡದೆ ತೊಳೆದು, ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಡಾಕ್ಟರ್ ಹತ್ತಿರ ಹೋಗಿ.